ಮೂರನೇ ತೊಲೆ

ಮುನಿ ಮಹಾರಾಜರ ಅಂಗೈಯಲ್ಲಿ ನಮ್ಮ ಮಾಳಿಗೆಯ ಮಣ್ಣು ಬಿದ್ದು ಮೂರು ವರ್ಷವಾಗಿತ್ತು. ಚಿಟಿಕೆಯಷ್ಟೂ ಅಲ್ಲ, ಒಂದು ಸಾಸಿವೆ ಕಾಳಿನಷ್ಟು. ದಿಗಂಬರ ಮುನಿಗಳು ದಿನಕ್ಕೊಂದೇ ಸಲ, ನಿಂತುಕೊಂಡು, ಜೋಡಿಸಿದ ಅಂಗೈಯಲ್ಲೇ ಉಣ್ಣುತ್ತಾರೆ. ನಡುವೆ ಕೈಯಲ್ಲಿ ಕಸವೋ ಹುಳವೋ ಬಿದ್ದರೆ, ಚೀರಾಟ ಕಿವಿಗೆ ಬಿದ್ದರೆ ಅದು ಅಂತರಾಯ. ಅಲ್ಲಿಗೆ ಊಟ ಮುಗಿಯಿತು. ಮರುದಿನದವರೆಗೆ ಹನಿ ನೀರೂ ಇಲ್ಲ. ಅವತ್ತು ಅವರು ಎರಡನೇ ತುತ್ತಿಗೇ ಕೈ ಬಿಚ್ಚಿ, ಏನೂ ಅನ್ನದೆ ನಡೆದರು. ರಬಕವಿಯ ಬೇಸಿಗೆ. ನಮ್ಮ ಬಾಗಿಲಿನಿಂದ ಬಸದಿಯವರೆಗಿನ ಡಾಂಬರಿನ ಮೇಲೆ ಬರಿಗಾಲು.

ಆಮೇಲೆ ಮುನಿಗಳನ್ನು ಊಟಕ್ಕೆ ಕರೆಯಲು ನಮ್ಮ ಬಾಗಿಲಲ್ಲಿ ಯಾರೂ ಕಳಶ ಹಿಡಿದು ನಿಲ್ಲಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ನಾವೇ ನಿಲ್ಲಲಿಲ್ಲ.

ಮನೆಯಲ್ಲಿ ಇರುವವರು ಮೂವರು. ಅಪ್ಪ ಆದಿನಾಥ, ಬನಹಟ್ಟಿಯಲ್ಲಿ ನೂಲಿನ ಅಂಗಡಿ. ಅಪ್ಪನ ತಾಯಿ ಅಕ್ಕವ್ವ. ನಾನು ಅವಳನ್ನು ಆಯಿ ಅನ್ನುತ್ತೇನೆ. ಮತ್ತೆ ನಾನು, ಪ್ರಾಚಿ. ಜಮಖಂಡಿಯಲ್ಲಿ ಬಿ.ಎಸ್ಸಿ. ಮುಗಿಸಿ ಎರಡು ವರ್ಷದಿಂದ ಮನೆಯಲ್ಲಿದ್ದೇನೆ. ನಾನು ಪಿಯುಸಿಯಲ್ಲಿದ್ದಾಗ ಅವ್ವ ಹೋದಳು. ನನಗೆ ಮಾತು ಕಡಿಮೆ. ಹೇಳಬೇಕಾದದ್ದನ್ನು ಡೈರಿಯಲ್ಲಿ ಬರೆದಿಟ್ಟರೆ ಹೇಳಿದಷ್ಟೇ ಸಮಾಧಾನ. ಅದು ಕೆಟ್ಟ ಚಟ ಅನ್ನುವುದು ಈ ವರ್ಷ ತಿಳಿಯಿತು.

ಈ ಸಲ ನಮ್ಮ ಬಸದಿಯಲ್ಲೇ ಮುನಿಗಳ ಚಾತುರ್ಮಾಸ ಅಂತ ಗೊತ್ತಾದ ದಿನ ಆಯಿ ಅಪ್ಪನನ್ನು ಕರೆದು ಕೂರಿಸಿಕೊಂಡಳು.

“ಆದಿ, ನನಗ ಎಂಬತ್ತೊಂದು. ಇನ್ನೊಂದ್ ಸಲ ಮಹಾರಾಜರಿಗೆ ನನ್ನ ಕೈಲಿ ಆಹಾರ ಆಗ್ಲಿ. ಆ ಸಾಸಿವಿ ಕಾಳ ಹೊತ್ಕೊಂಡು ನಾ ಹೋಗಾಂಗಿಲ್ಲ.”

“ಮಣ್ಣ ಉದುರಿದ್ರ, ಅವ್ವಾ?”

“ಉದುರದಂಗ ಮಾಡು.”

ನಮ್ಮದು ಮಣ್ಣಿನ ಮಾಳಿಗೆ. ಐದು ದೊಡ್ಡ ತೊಲೆ, ಅವುಗಳ ಮೇಲೆ ಅಡ್ಡ ಜಂತಿ, ಹಲಗೆ, ಹಲಗೆಯ ಮೇಲೆ ಮೊಣಕಾಲೆತ್ತರ ಮಣ್ಣು. ಕೆಳಗೆ ಉದುರುವುದು ಅನ್ನದಲ್ಲಿ ಬೀಳಬಾರದೆಂದು ಒಲೆಯ ಮೇಲೆ, ಉಣ್ಣುವ ಜಾಗದ ಮೇಲೆ ನಾಲ್ಕು ಮೂಲೆಗೆ ಬಿಳಿ ಬಟ್ಟೆ ಕಟ್ಟಿರುತ್ತೇವೆ. ಅದಕ್ಕೆ ಚಂದ್ವಾ ಅನ್ನುತ್ತಾರೆ. ಅವತ್ತಿನ ಸಾಸಿವೆ ಕಾಳು ಚಂದ್ವಾದ ಅಂಚಿನಿಂದ ಜಾರಿತ್ತು.

ಅಪ್ಪ ಚಿಮ್ಮಡದ ಶಿವಪುತ್ರನನ್ನು ಕರೆಸಿದ. ಸುತ್ತಲಿನ ಊರುಗಳಲ್ಲಿ ಜಿಪ್ಸಂ ಬೋರ್ಡಿನ ಸೀಲಿಂಗ್ ಕೂರಿಸುವುದು ಅವನ ಕೆಲಸ. ಏಣಿ ಹಾಕಿ ಪಡಸಾಲೆ, ಅಡಿಗೆ ಮನೆ ಎರಡನ್ನೂ ಟೇಪಿನಲ್ಲಿ ಅಳೆದ. ಪಕ್ಕದ ಮನೆಯ ಪ್ರತಿಮಾ ಅತ್ತೆ, ಅಪ್ಪನ ಚಿಕ್ಕಪ್ಪನ ಮಗಳು, ಕರೆಯದಿದ್ದರೂ ಬಂದು ಕಂಬಕ್ಕೆ ಒರಗಿದ್ದಳು.

“ಮುನ್ನೂರಾ ಎಪ್ಪತ್ತೆರಡ ಫೂಟ್ ಬರ್ತೈತ್ರಿ ಮಾಲಕ್ರ. ಬೋರ್ಡ್, ಚಾನೆಲ್, ಮಜೂರಿ ಹಿಡದು ಫೂಟಿಗೆ ಎಂಬತ್ತೈದು. ಮ್ಯಾಲ ಪುಟ್ಟಿ ಎರಡ್ ಕೋಟ್ ಎಳದು ಬಣ್ಣಾ ಹೊಡಿಯೂದಕ್ಕ ಇಪ್ಪತ್ತೆರಡು. ನಲವತ್ತ ಸಾವಿರಕ್ಕ ಇನ್ನೂರ್ ರೂಪಾಯಿ ಕಮ್ಮಿ.”

“ನಲವತ್ತು!” ಪ್ರತಿಮಾ ಅತ್ತೆ ಕೆನ್ನೆಗೆ ಕೈ ಹಚ್ಚಿದಳು. “ಏನಪಾ, ಸೀಲಿಂಗಿಗೆ ಬೆಳ್ಳಿ ತಗಡ ಬಡಿತೀಯೇನು?”

“ಬೆಳ್ಳಿ ಆದ್ರ ನಾ ಯಾಕ್ರಿ ಬಡೀಲಿ, ಮನಿಗೆ ಒಯ್ತೇನಿ.”

ಅಪ್ಪ ನಕ್ಕ. ಬಹಳ ದಿನಗಳ ಮೇಲೆ ನಕ್ಕಿದ್ದ. ಅಷ್ಟರಲ್ಲಿ ಶಿವಪುತ್ರ ಏಣಿಯ ಮೇಲಿಂದಲೇ ಜಂತಿಯನ್ನು ಉಗುರಿನಿಂದ ಕೆರೆದು ನೋಡಿದ.

“ಗೆದ್ದಲಿ ಹತ್ತೈತ್ರಿ. ಮುಚ್ಚೂದಕ್ಕಿಂತ ಮೊದಲ ಔಷಧ ಹೊಡಸ್ರಿ. ಹದಿನಾಕ್ ಸಾವಿರ ಆಕ್ಕೈತಿ.”

ಒಳಗಿನಿಂದ ಆಯಿ ಬಂದಳು. “ಔಷಧ ಹೊಡದ್ರ ಏನಾಕ್ಕೈತಿ?”

“ಸಾಯ್ತಾವ್ರಿ ಆಯಿ.”

“ಎಷ್ಟು?”

“ಎಣಿಸಿದವರ ಯಾರ್ರಿ? ಲಕ್ಷ ಇರ್ತಾವು.”

“ಲಕ್ಷ ಜೀವಾ ಕೊಂದು, ಅದರ ಕೆಳಗ ನಿಂತು ಮಹಾರಾಜರ ಕೈಯಾಗ ಅನ್ನಾ ಹಾಕ್ಲೇನು? ಬ್ಯಾಡಪಾ.”

“ಅಲ್ಲ ದೊಡ್ಡವ್ವ, ಅವು ಮನಿ ತಿಂದ್ರ?” ಅಂದಳು ಪ್ರತಿಮಾ ಅತ್ತೆ.

“ತಿನ್ಲಿ. ಅವಕ್ಕೂ ಹೊಟ್ಟಿ ಐತಿ.”

“ಭಾಳ ದೊಡ್ಡ ಹೊಟ್ಟಿರೀ ಅದು,” ಅನ್ನುತ್ತ ಶಿವಪುತ್ರ ಕೆಳಗಿಳಿದ. ಮಾತು ಅಲ್ಲಿಗೆ ಮುಗಿಯಿತು. ಆಯಿ ಬೇಡ ಅಂದದ್ದನ್ನು ಅಪ್ಪ ಮುಂದುವರಿಸುವುದಿಲ್ಲ.

ಕೆಲಸ ಶುರುವಾದ ಎರಡನೇ ದಿನ. ಅಪ್ಪ ಅಂಗಡಿಗೆ ಹೋಗಿದ್ದ, ಆಯಿ ಬಸದಿಯಲ್ಲಿದ್ದಳು. ನಾನು ಅಡಿಗೆ ಮನೆಯ ಬಾಗಿಲಲ್ಲಿ ಕೂತು ಓದುತ್ತಿದ್ದೆ. ಶಿವಪುತ್ರ ಮೇಲಿನಿಂದ ಕರೆದ.

“ಅಕ್ಕಾರ, ಇಲ್ಲಿ ಬರ್ರಿ. ಇದನ್ನ ನೋಡ್ರಿ.”

ಮೂರನೇ ತೊಲೆಗೆ ಅವನು ಸ್ಕ್ರೂ ತಿರುಗಿಸುತ್ತಿದ್ದ. ಸ್ಕ್ರೂ ಕಟ್ಟಿಗೆಯಲ್ಲಿ ಹಿಡಿಯದೆ ಸುಮ್ಮನೆ ಸುತ್ತುತ್ತಿತ್ತು. ತೂತಿನಿಂದ ಗೋದಿ ಹಿಟ್ಟಿನಂಥ ಪುಡಿ ಸುರಿಯಿತು. ಸುತ್ತಿಗೆಯ ಹಿಡಿಯಿಂದ ಬಡಿದ. ಎರಡನೇ ತೊಲೆಯದು ಕಟ್ಟಿಗೆಯ ಸದ್ದು. ಮೂರನೆಯದು ಖಾಲಿ ಡಬ್ಬಿಯದು.

“ಒಳಗ ಏನೂ ಉಳದಿಲ್ಲ. ಬರೇ ತೊಗಲ ನಿಂತೈತಿ. ಇದರ ಕೆಳಗ ಕಬ್ಬಿಣದ ಗರ್ಡರ್ ಕೊಡಬೇಕ್ರಿ. ಎರಡೂ ಕಡಿ ಗ್ವಾಡಿ ಒಡದು ಕುಂದ್ರಸಬೇಕು. ಮೂವತ್ತೆರಡ ಸಾವಿರ, ಹದಿನೈದ್ ದಿನ. ಇಲ್ಲಂದ್ರ ಮಾಳಿಗಿ ಪೂರಾ ಇಳಿಸಿ ಸ್ಲ್ಯಾಬ್ ಹಾಕಸ್ರಿ, ಅದಕ್ಕ ಆರೂವರಿ ಲಕ್ಷ. ಇದ್ದದ್ದ ಹಂಗ ಮುಚ್ಚಬಾರದು. ಮಾಲಕರನ್ನ ಕೇಳಿ ಬರ್ರಿ, ನಾ ಅಲ್ಲೀ ತನಕ ಅಡಿಗಿ ಮನೀದು ಮಾಡ್ತೇನಿ.”

ಫೋನಿನಲ್ಲಿ ಇಷ್ಟುದ್ದ ಹೇಳುವುದು ನನ್ನಿಂದಾಗದು. ಆಟೋ ಹಿಡಿದು ಬನಹಟ್ಟಿಗೆ ಹೋದೆ. ಅಂಗಡಿಯಲ್ಲಿ ಇಬ್ಬರು ಮಗ್ಗದವರು ನೂಲಿನ ಗಂಟು ನೋಡುತ್ತಿದ್ದರು. ಅವರು ಹೋಗುವವರೆಗೆ ಬಾಗಿಲಲ್ಲೇ ನಿಂತೆ. ಆಮೇಲೆ ಅಪ್ಪನಿಗೆ ಎಲ್ಲ ಹೇಳಿದೆ. ಖಾಲಿ ಡಬ್ಬಿಯ ಸದ್ದನ್ನೂ ಹೇಳಿದೆ.

ಅಪ್ಪ ಬಹಳ ಹೊತ್ತು ತಕ್ಕಡಿಯ ತಟ್ಟೆ ಒರೆಸಿದ.

“ಮಳಿಗಾಲದಾಗ ಗ್ವಾಡಿ ಒಡದ್ರ ಹದಿನೈದ್ ದಿನದ್ದು ಎರಡ್ ತಿಂಗಳ ಹಿಡೀತೈತಿ, ಆಹಾರ ಎಲ್ಲಿ? ಚಾತುರ್ಮಾಸ ಮುಗಿಲಿ. ದೀಪಾವಳಿ ಆತಂದ್ರ ಪೂರಾ ಇಳಿಸಿ ಹಾಕಸೂಣು. ಎಪ್ಪತ್ತ ವರ್ಷ ನಿಂತೈತಿ, ಮೂರ್ ತಿಂಗಳ ನಿಲ್ಲೂದಿಲ್ಲೇನು?”

“ಮುಚ್ಚಬಾರದು ಅಂದಾನಪಾ.”

“ಅವ ಹೇಳಾಂವನ. ಗರ್ಡರಿನ್ಯಾಗೂ ಅವಗ ಕಮಿಷನ್ ಇರ್ತೈತಿ.” ಮತ್ತೆ ದನಿ ತಗ್ಗಿಸಿದ. “ಆಯಿಗೆ ಹೇಳಬ್ಯಾಡ. ತೊಲಿ ಪೊಳ್ಳೈತಿ ಅಂತ ಗೊತ್ತಾದ್ರ ಆಕಿ ಮಹಾರಾಜರನ್ನ ಅದರ ಕೆಳಗ ನಿಲ್ಲಸೂದಿಲ್ಲ. ಈ ವರ್ಷ ತಪ್ಪಿದ್ರ ಆಕಿಗೆ ಮತ್ತೊಂದ್ ವರ್ಷ ಐತೇನವಾ? ಹೋಗು, ಹಾಕು ಅನ್ನು ಅವಗ.”

ಬಂದು ಶಿವಪುತ್ರನಿಗೆ “ಹಾಕ್ರಿ ಅಂದಾರ” ಅಂದೆ. ಅವನು ನನ್ನ ಮುಖ ನೋಡಿದ. “ನಿಮ್ಮ ಜವಾಬ್ದಾರಿ ಮ್ಯಾಲ,” ಅಂದ. ಮೂರನೇ ತೊಲೆಯನ್ನು ಬಿಟ್ಟು ಎರಡನೆಯದಕ್ಕೂ ನಾಲ್ಕನೆಯದಕ್ಕೂ ತಂತಿ ಕಟ್ಟಿ, ಅದಕ್ಕೆ ತಗಡಿನ ಚಾನೆಲ್ ಬಿಗಿದು ಬೋರ್ಡು ಏರಿಸಿದ. ಸಂದಿಗಳಿಗೆ ಜಾಳಿಗೆ ಪಟ್ಟಿ ಅಂಟಿಸಿ ಪುಟ್ಟಿ ತುಂಬಿದ. ಒಣಗಿದ ಮೇಲೆ ಅಗಲವಾದ ತಗಡಿನ ತುಂಡಿನಿಂದ ಇನ್ನೊಂದು ಕೋಟು ಎಳೆದು, ಮರಳು ಕಾಗದದಿಂದ ತಿಕ್ಕಿದ. ಐದನೇ ದಿನ ತಲೆಯ ಮೇಲೆ ತೊಲೆ ಇಲ್ಲ, ಜಂತಿ ಇಲ್ಲ. ಹಾಲು ಕೆನೆಗಟ್ಟಿದ ಹಾಗೆ ಒಂದೇ ಬಿಳುಪು.

ಆಯಿ ಕತ್ತೆತ್ತಿ ನೋಡುತ್ತ ಪಡಸಾಲೆ ಪೂರ್ತಿ ನಡೆದಳು. “ಆಸ್ಪತ್ರಿ ಆದಂಗಾತು,” ಅಂದಳು. ಆದರೆ ಮುಖದಲ್ಲಿ ಸಂತೋಷವಿತ್ತು. ಪಡಸಾಲೆಯ ಚಂದ್ವಾ ಕಟ್ಟಲು ಮೊಳೆ ಹೊಡೆದರೆ ಬೋರ್ಡು ಒಡೆಯುತ್ತದೆ ಅಂತ ಶಿವಪುತ್ರ ಹೇಳಿದ್ದರಿಂದ ಅದನ್ನು ಒಗೆದು ಮಡಚಿಟ್ಟೆವು.

ಅವತ್ತು ಡೈರಿಯಲ್ಲಿ ಬರೆದೆ: ಮೊದಲು ಮಣ್ಣು ಎಲ್ಲಿ ಉದುರುತ್ತದೆ ಅನ್ನುವುದು ಬಟ್ಟೆಯ ಮೇಲೆ ಕಾಣುತ್ತಿತ್ತು. ಇನ್ನು ಕಾಣುವುದಿಲ್ಲ. ಬರೆದು ಮುಚ್ಚಿಟ್ಟೆ. ಆಯಿ ಎರಡು ಮಾರು ದೂರದಲ್ಲಿ ಜಪ ಮಾಡುತ್ತ ಕೂತಿದ್ದಳು.

ತಿಂಗಳ ಮೇಲೆ ಬಂದ ಹುಬ್ಬೆ ಮಳೆ ಈ ಸಲ ಬಿಡದೆ ಹಿಡಿಯಿತು. ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗುತ್ತಿರಬೇಕು. ಒಂದು ಹನಿಯೂ ಕೆಳಗೆ ಬರಲಿಲ್ಲ. ಅಪ್ಪ ಎರಡು ಸಲ ಅಂದ, “ನೋಡಿದೇನು? ಒಂದ ಹನಿ ಇಲ್ಲ.” ಓದಲು ಕೂತರೆ ನನ್ನ ಕಣ್ಣು ಮೇಲಕ್ಕೇ ಹೋಗುತ್ತಿತ್ತು. ಆಯಿಯ ಹಾಸಿಗೆಯನ್ನು ಒಳಕೋಣೆಗೆ ಸರಿಸಿದೆ. ಪಡಸಾಲೆಯಲ್ಲಿ ಥಂಡಿ ಅಂತ ನೆವ ಹೇಳಿದೆ. ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಮಾತು ಆಡಿದರೆ ಅವಳ ಆಸೆ ಹೋಗುತ್ತದೆ, ಆಡದಿದ್ದರೆ ಏನಾಗುತ್ತದೋ ಗೊತ್ತಿಲ್ಲ. ಗೊತ್ತಿಲ್ಲದ್ದನ್ನೇ ಆರಿಸಿಕೊಂಡೆ.

ಮಳೆ ನಿಂತ ಎರಡನೇ ದಿನ ನಮ್ಮ ಓಣಿಯ ಪಾಳಿ ಬಂತು, ಬೆಳಿಗ್ಗೆ ಹತ್ತಕ್ಕೆ ನಾವು ಬಾಗಿಲಲ್ಲಿ ನಿಂತೆವು. ಆಯಿಯ ಕೈಯಲ್ಲಿ ಕಳಶ, ಅಪ್ಪನ ಕೈಯಲ್ಲಿ ತೆಂಗಿನಕಾಯಿ, ನಾನು ಮತ್ತು ಪ್ರತಿಮಾ ಅತ್ತೆ ಹಿಂದೆ. ಓಣಿಯಲ್ಲಿ ಏಳು ಮನೆಯವರು ಹೀಗೇ ನಿಂತಿದ್ದರು. ಮುನಿಗಳು ಒಂದೊಂದು ಬಾಗಿಲನ್ನೂ ನೋಡುತ್ತ ಬಂದು ನಮ್ಮ ಮುಂದೆ ನಿಂತರು. ಆಯಿ ಕಳಶ ಎತ್ತಿ ಹಿಡಿದಳು.

“ನಮೋಸ್ತು ಮಹಾರಾಜ, ನಮೋಸ್ತು. ತಿಷ್ಠ, ತಿಷ್ಠ.”

ಅವರಿಗೆ ಮೂರು ಸುತ್ತು ಬಂದು, ಒಳಗೆ ಕರೆದು, ಪಾದ ತೊಳೆದೆವು. ಕೊಡುವವರೆಲ್ಲರೂ ಹೇಳಬೇಕಾದ ಮಾತಿದೆ: ಮನಸ್ಸು ಶುದ್ಧ, ವಚನ ಶುದ್ಧ, ಕಾಯ ಶುದ್ಧ, ಆಹಾರ ನೀರು ಶುದ್ಧ. ಅಪ್ಪ ಹೇಳಿದ. ನಾನೂ ಹೇಳಿದೆ. ವಚನ ಶುದ್ಧ ಅನ್ನುವಾಗ ಆಯಿಯ ಕಡೆ ನೋಡಲಿಲ್ಲ.

ಮುನಿಗಳು ಪಡಸಾಲೆಯ ನಡುವೆ ಮಣೆಯ ಮೇಲೆ ನಿಂತು ಅಂಗೈ ಜೋಡಿಸಿದರು. ಆಯಿ ಮೊದಲು ನೀರು ಹಾಕಿದಳು. ಆಮೇಲೆ ಹಾಲು. ಆಮೇಲೆ ಅನ್ನ. ಅವಳ ಬಾಯಿ ಸುಮ್ಮನೆ ಅಲುಗುತ್ತಿತ್ತು. ನಾನು ಗೋಡೆಯ ಪಕ್ಕ ಬಿಸಿನೀರಿನ ತಂಬಿಗೆ ಹಿಡಿದು ನಿಂತಿದ್ದೆ.

ಮೇಲೆ ಟಕ್ ಅಂದಿತು. ಒಣ ಕಟ್ಟಿಗೆ ಮುರಿದಂತಲ್ಲ, ಬೆರಳ ನೆಟಿಕೆ ಮುರಿದಷ್ಟೇ. ತಲೆ ಎತ್ತಿದೆ. ಆ ಬಿಳುಪಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ. ಮುನಿಗಳ ತಲೆಯ ಮೇಲಿನಿಂದ ಶುರುವಾಗಿ ನಾನು ನೋಡುತ್ತಿರುವಾಗಲೇ ಒಂದು ಗೇಣು ಮುಂದೆ ಬಂತು. ಮೂರನೇ ತೊಲೆಯ ಸಾಲಿನಲ್ಲಿ.

ಅಪ್ಪನೂ ಮೇಲೆ ನೋಡಿದ. ಆಮೇಲೆ ನನ್ನ ಕಡೆ ನೋಡಿದ. ತಲೆಯನ್ನು ಎಡಕ್ಕೂ ಬಲಕ್ಕೂ ಒಂದೇ ಸಲ, ಯಾರಿಗೂ ತಿಳಿಯದಷ್ಟು ಸಣ್ಣಗೆ ಆಡಿಸಿದ. ಬೇಡ.

ಆಯಿ ಇನ್ನೊಂದು ತುತ್ತು ಎತ್ತಿದಳು.

ಮತ್ತೆ ಟಕ್.

“ಬಾಜೂಕ ಸರೀರಿ! ಆಯೀ, ಸರಿ! ಮ್ಯಾಲ ಬೀಳಾಕತ್ತೈತಿ!”

ಅದು ನನ್ನ ದನಿ ಅಂತ ನನಗೇ ತಡವಾಗಿ ತಿಳಿಯಿತು. ತಂಬಿಗೆ ಕೈಯಿಂದ ಬಿದ್ದು ಉರುಳಿತು. ಮುನಿಗಳು ಅಂಗೈ ಬಿಚ್ಚಿದರು. ಅನ್ನ ಕೆಳಗಿನ ಪಾತ್ರೆಗೆ ಬಿತ್ತು. ಒಂದು ಕ್ಷಣ ಕೂತು, ಕಮಂಡಲ ಮತ್ತು ನವಿಲುಗರಿಯ ಪಿಂಛಿ ಎತ್ತಿಕೊಂಡು, ಯಾರನ್ನೂ ನೋಡದೆ ಹೊರಗೆ ನಡೆದರು. ಮೂರು ತುತ್ತು ಕೂಡ ಆಗಿರಲಿಲ್ಲ.

ಏನೂ ಬೀಳಲಿಲ್ಲ.

ಮುನಿಗಳ ಜೊತೆಗೆ ಬಂದಿದ್ದ ಹತ್ತು ಮಂದಿ ಕತ್ತೆತ್ತಿ ನೋಡಿದರು. “ಎಲ್ಲೈತಿ?” “ಇದೇನು, ಈ ಗೆರೀನ?” ಪ್ರತಿಮಾ ಅತ್ತೆ ನನ್ನ ರಟ್ಟೆ ಹಿಡಿದು ಅಲುಗಿಸಿದಳು. “ಹುಚ್ಚವ್ವ! ವರ್ಷಕ್ಕ ಎರಡ್ ಮಾತ ಆಡಾಕಿ, ಇವತ್ತ ಬಾಯಿ ಬಿಡಬೇಕಾಗಿತ್ತೇನು? ಪುಟ್ಟಿ ಸೀಳೈತಿ ಅಷ್ಟ!”

ನಾನು ಅಪ್ಪನ ಕಡೆ ನೋಡಿದೆ. ಎಲ್ಲರೂ ಅವನ ಕಡೆಯೇ ನೋಡುತ್ತಿದ್ದರು.

“ಪುಟ್ಟಿನ ಅದು,” ಅಂದ ಅಪ್ಪ. “ಹಸಿ ಹಿಡದು ಸೀಳೈತಿ. ಆಕಿ ಸಣ್ಣಾಕಿದ್ದಾಗಿಂದ ಅಂಜಬುರಕಿ. ತಪ್ಪ ತಿಳಕೋಬ್ಯಾಡ್ರಿ.”

ಮಂದಿ ಹೋದರು. ಆಯಿ ಬೈಯಲಿಲ್ಲ. ಮುನಿಗಳು ಉಪವಾಸ ಇರುವಷ್ಟು ಹೊತ್ತು ತಾನೂ ಉಪವಾಸ ಅಂದು, ಮುನಿಗಳು ನಿಂತಿದ್ದ ಮಣೆಯ ಪಕ್ಕದಲ್ಲೇ ಕೂತು ಕಣ್ಣು ಮುಚ್ಚಿದಳು. ಸರಿಯಾಗಿ ಆ ಗೆರೆಯ ಕೆಳಗೆ.

“ಅಪ್ಪಾ, ಆಕಿನ್ನ ಎಬಸು. ಶಿವಪುತ್ರಗ ಫೋನ್ ಮಾಡು.”

“ನಾಳಿ ಮಾಡ್ತೇನಿ. ಇವತ್ತಿಗೆ ಸಾಕು ನಿನ್ನ ಮಾತು.”

ನಾನೇ ಮಾಡಿದೆ. ಟಕ್ ಅಂದದ್ದು, ಗೆರೆ ಬಿಟ್ಟದ್ದು, ಎಲ್ಲ ಫೋನಿನಲ್ಲೇ ಹೇಳಿದೆ. ಒಂದು ತಾಸಿನಲ್ಲಿ ಅವನು ಬೈಕಿನ ಮೇಲೆ ಬಂದ. ಗೋಡೆಯ ಮಗ್ಗುಲಿಗೆ ಏಣಿ ಹಾಕಿ, ಮೂಲೆಯ ಒಂದು ಬೋರ್ಡನ್ನು ಗರಗಸದಿಂದ ಚೌಕ ಕೊಯ್ದು, ಟಾರ್ಚ್ ಹಿಡಿದು ತಲೆ ಒಳಗೆ ಹಾಕಿದ. ತಲೆ ಹೊರಗೆ ತೆಗೆದವನೇ ಏಣಿ ಇಳಿದ.

“ಎಲ್ಲಾರೂ ಹೊರಗ ನಡೀರಿ. ಸಾವಕಾಶ. ಆಯೀನ್ನ ಎತ್ರಿ ಮಾಲಕ್ರ.”

ಅಂಗಳದಲ್ಲಿ ನಿಂತು ಹೇಳಿದ. ತೊಲೆ ನಡುವೆ ಮುರಿದು ಎರಡು ತುಂಡಾಗಿದೆ. ಹಲಗೆ ಜಾರಿ ಹಸಿ ಮಣ್ಣೆಲ್ಲ ಬೋರ್ಡಿನ ಮೇಲೆ ಕೂತಿದೆ. ಹಿಡಿದುಕೊಂಡಿರುವುದು ನಾಲ್ಕು ತಂತಿ.

ಅಪ್ಪ ಕಟ್ಟೆಯ ಮೇಲೆ ಕೂತ. ಪ್ರತಿಮಾ ಅತ್ತೆ “ಅಯ್ಯ, ಮಹಾರಾಜರು ಅದರ ಕೆಳಗ…” ಅಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನ್ನನ್ನು ಯಾರಾದರೂ ನೋಡುತ್ತಾರೆ, ಕೂಗಿದ್ದು ಸರಿ ಅಂತ ಒಂದು ಮಾತು ಅನ್ನುತ್ತಾರೆ ಅಂದುಕೊಂಡೆ.

“ನಾ ಮೊದಲ ಹೇಳಿದ್ನಿ,” ಅಂದ ಶಿವಪುತ್ರ. “ತೊಲಿ ಪೊಳ್ಳೈತಿ, ಗರ್ಡರ್ ಇಲ್ಲದ ಮುಚ್ಚಬಾರದು ಅಂದಿದ್ನಿ.”

ಅಂಗಳಕ್ಕೆ ಬಂದ ಮೇಲೂ ಜಪದಲ್ಲಿದ್ದ ಆಯಿ ಕಣ್ಣು ತೆರೆದಳು. “ಯಾರಿಗೆ ಹೇಳಿದ್ದಿ?”

“ಈ ಅಕ್ಕಾರಿಗೆ. ಇವರ ಹೋಗಿ ಬಂದು ಹಾಕ್ರಿ ಅಂದ್ರು.”

ಆಯಿ ನನ್ನನ್ನು ನೋಡಿದಳು. ನಾನು ಅಪ್ಪನನ್ನು ನೋಡಿದೆ. ಅಪ್ಪ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ.

“ನಿನಗ ಗೊತ್ತಿತ್ತು?”

“ಹೂಂ.”

“ಎಷ್ಟ್ ದಿನದಿಂದ?”

“ಒಂದೂವರಿ ತಿಂಗಳು.”

ಹೇಳಬಹುದಿತ್ತು. ಅಪ್ಪ ಹೇಳಬೇಡ ಅಂದ ಅನ್ನುವ ಮೂರು ಶಬ್ದ. ಆಯಿಗೆ ಮಗನೆಂದರೆ ಒಬ್ಬನೇ. ಅವನ ಮೇಲೆ ನಂಬಿಕೆ ಹೋದರೆ ಈ ಮನೆಯಲ್ಲಿ ಅವಳು ಯಾರ ಕೈಯಿಂದ ಉಣ್ಣುತ್ತಾಳೆ? ಅವನೇ ಹೇಳಲಿ ಅಂತ ಕಾದೆ. ಎದುರಿನ ಮನೆಯಲ್ಲಿ ಮಿಕ್ಸರ್ ತಿರುಗಿ ನಿಂತಿತು. ಅವನು ಹೇಳಲಿಲ್ಲ.

“ಗೊತ್ತಿದ್ದೂ ಅವರನ್ನ ಅಲ್ಲಿ ನಿಲ್ಲಿಸಿದಿ,” ಅಂದಳು ಆಯಿ. ದನಿ ಏರಲೇ ಇಲ್ಲ. “ನನ್ನ ಕೈಲೆ ನಿಲ್ಲಿಸಿದಿ. ಕೂಗೂದಿದ್ರ ಅವತ್ತ ಕೂಗಬೇಕಿತ್ತವಾ. ತುತ್ತಿನ ಹೊತ್ತಿಗಲ್ಲ.”

ಆ ಸಂಜೆಯೇ ನಾವು ಮೂವರೂ ಓಣಿಯ ಕೊನೆಯ ಬಾಡಿಗೆ ಮನೆಗೆ ಬಂದೆವು. ಮರುದಿನ ಬೆಳಿಗ್ಗೆ ನಾನು ಎಂದಿನಂತೆ, ಸಣ್ಣ ಜೀವವೂ ಹೊಟ್ಟೆಗೆ ಹೋಗಬಾರದೆಂದು, ಬಟ್ಟೆಯಲ್ಲಿ ನೀರು ಸೋಸಿ, ಕಾಯಿಸಿ, ಲೋಟ ಹಿಡಿದು ಆಯಿಯ ಮುಂದೆ ಕೂತೆ. ಅವಳು ಲೋಟವನ್ನು ನೋಡಿದಳು, ನನ್ನನ್ನಲ್ಲ. “ಅಲ್ಲಿಡು,” ಅಂದಳು. ಮಧ್ಯಾಹ್ನವೂ ನೀರು ಅಲ್ಲೇ ಇತ್ತು. ಹೊತ್ತು ಮುಳುಗುವ ಮುಂಚೆ ಅಪ್ಪ ಬೇರೆ ಲೋಟದಲ್ಲಿ ಕೊಟ್ಟಾಗ ಕುಡಿದಳು.

ಮಾಳಿಗೆ ಇಳಿಸಲು ಆರು ಮಂದಿಗೆ ನಾಲ್ಕು ದಿನ ಬೇಕಾಯಿತು. ಮಣ್ಣು, ಗೆದ್ದಲು, ನಲವತ್ತು ಸಾವಿರದ ಬೋರ್ಡು ಎಲ್ಲ ಒಟ್ಟಿಗೇ ಟ್ರ್ಯಾಕ್ಟರಿನಲ್ಲಿ ಹೋಯಿತು. ಆಯಿ ನೋಡಲು ಬರಲಿಲ್ಲ. ಸ್ಲ್ಯಾಬಿಗೆ ಆರು ಲಕ್ಷ ಎಂಬತ್ತು ಸಾವಿರ. ಅವ್ವನ ಬಂಗಾರ ಮಾರಿದೆವು. ಮುನಿಗಳು ದೀಪಾವಳಿ ಮುಗಿಸಿ ರನ್ನ ಬೆಳಗಲಿಯ ಕಡೆ ಕಾಲ್ನಡಿಗೆಯ ವಿಹಾರ ಹೊರಟಾಗ ಆಯಿ ದಾರಿಯ ಪಕ್ಕದಲ್ಲಿ, ಎಲ್ಲರಿಗಿಂತ ಹಿಂದೆ ನಿಂತು ಕೈ ಮುಗಿದಳು.

ಸೆಂಟ್ರಿಂಗ್ ಹಲಗೆ ಬಿಚ್ಚಿದ ದಿನ ಶಿವಪುತ್ರ ಬಂದಿದ್ದ. ಸ್ಲ್ಯಾಬಿನ ಕೆಳಗೆ ಹಲಗೆಯ ಅಚ್ಚುಗಳು ಬೂದು ಬಣ್ಣದಲ್ಲಿ ಹಾಗೇ ಕಾಣುತ್ತಿದ್ದವು.

“ಪ್ಲಾಸ್ಟರ್ ಮಾಡಿ ಪುಟ್ಟಿ ಎಳದ್ರ ಕನ್ನಡಿ ಆಕ್ಕೈತ್ರಿ. ಬೋರ್ಡ್ ಬ್ಯಾಡ. ಫೂಟಿಗೆ ಅರವತ್ತ ಹಿಡೀತೇನಿ.”

ಅಪ್ಪ ನನ್ನ ಕಡೆ ತಿರುಗಿದ. “ಏನ್ ಮಾಡೂಣವಾ?” ಎರಡು ತಿಂಗಳಲ್ಲಿ ಅವನು ನನ್ನನ್ನು ಕೇಳಿದ ಮೊದಲ ಮಾತು ಅದು.

“ಏನೂ ಹಚ್ಚೂದ ಬ್ಯಾಡ,” ಅಂದೆ. “ಸೀಳಿದ್ರ ಕಾಣ್ಲಿ.”

ಅಪ್ಪ ಶಿವಪುತ್ರನ ಕಡೆ ತಿರುಗಿ ಬೇಡ ಅಂತ ಕೈ ಆಡಿಸಿದ.

ಈಗ ಹಳೆಯ ಮನೆಗೇ ವಾಪಸು ಬಂದಿದ್ದೇವೆ. ಬೆಳಿಗ್ಗೆ ನಾನು ನೀರು ಸೋಸಿ ಕಾಯಿಸಿ ಅಡಿಗೆ ಕಟ್ಟೆಯ ಮೇಲೆ ಇಡುತ್ತೇನೆ. ಅಪ್ಪ ಲೋಟ ತುಂಬಿಕೊಂಡು ಆಯಿಯ ಹತ್ತಿರ ಹೋಗುತ್ತಾನೆ. ನಾನು ಬಾಗಿಲ ಹಿಂದೆ ನಿಂತಿರುತ್ತೇನೆ. ದಿನವೂ ಆಯಿ ಕೇಳುತ್ತಾಳೆ.

“ಯಾರ ಸೋಸಿದ್ದು?”

“ನಾನ ಅವ್ವಾ,” ಅನ್ನುತ್ತಾನೆ ಅಪ್ಪ.

ಆಯಿ ಕುಡಿಯುತ್ತಾಳೆ.